ವಿಮಾನದ ಆಸನ ಮತ್ತು ದೊಡ್ಡ ಮೈಕಟ್ಟಿನ ಪ್ರಯಾಣಿಕರು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟಿಕೆಟ್ ಬುಕಿಂಗ್ ಕಚೇರಿ ನಡೆಸುವ ನಮಗೆ ಈ ಪ್ರಶ್ನೆಗಳು ಬರುವ ರೀತಿಯೇ ಬೇರೆ. ದರ, ಸಮಯ, ಲಗೇಜು ಇವುಗಳ ಬಗ್ಗೆ ಜನ ಮೇಜಿನ ಮುಂದೆ ಕುಳಿತು ಗಟ್ಟಿಯಾಗಿಯೇ ವಿಚಾರಿಸುತ್ತಾರೆ. ಆಸನದಲ್ಲಿ ತಮ್ಮ ಮೈ ಹಿಡಿಸುತ್ತದೆಯೇ ಎಂಬುದನ್ನು ಮಾತ್ರ ಹಣ ಕೊಟ್ಟು, ಟಿಕೆಟ್ ಪಡೆದು, ಬಾಗಿಲವರೆಗೆ ಹೋದವರು ಹಿಂದಿರುಗಿ ಬಂದು ಮೆಲ್ಲಗೆ ಕೇಳುತ್ತಾರೆ. ಇಲ್ಲವೇ ರಾತ್ರಿ ಮಗಳಿಂದ ಫೋನ್ ಮಾಡಿಸಿ ಕೇಳಿಸುತ್ತಾರೆ. ಅಷ್ಟು ಹೊತ್ತಿಗೆ ಟಿಕೆಟ್ ಆಗಿಹೋಗಿರುವುದರಿಂದ ನಾವು ಮಾಡಬಹುದಾದದ್ದು ಬಹಳ ಉಳಿದಿರುವುದಿಲ್ಲ. ಆದಕಾರಣ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ತೂಕ ಎಷ್ಟು ಕೆ.ಜಿ. ದಾಟಿದರೆ ಎರಡು ಟಿಕೆಟ್ ತೆಗೆದುಕೊಳ್ಳಬೇಕು?

ದೊಡ್ಡ ವಿಮಾನಗಳ ಮಟ್ಟಿಗೆ ಅಂಥದೊಂದು ಗೆರೆ ಇಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ತೂಕವನ್ನು ಹೇಳಿಯೇ ಮಾತು ಆರಂಭಿಸುತ್ತಾರೆ, ಆದರೆ ವಿಮಾನ ಕಂಪನಿ ನೋಡುವುದು ತೂಕವನ್ನಲ್ಲ, ಅಗಲವನ್ನು. ಎರಡೂ ಕಡೆ ಕೈಯಿಡುವ ಆರ್ಮ್‌ರೆಸ್ಟ್‌ಗಳನ್ನು ಪೂರ್ತಿ ಕೆಳಗಿಳಿಸಿ ಕುಳಿತುಕೊಳ್ಳಲು ಸಾಧ್ಯವೇ, ಮೈ ಪಕ್ಕದ ಆಸನದೊಳಕ್ಕೆ ಚಾಚುತ್ತದೆಯೇ, ಒಂದು ಎಕ್ಸ್‌ಟೆಂಡರ್ (ಬೆಲ್ಟಿಗೆ ಜೋಡಿಸುವ ಹೆಚ್ಚುವರಿ ಪಟ್ಟಿ) ಸೇರಿಸಿದರೆ ಸೀಟ್ ಬೆಲ್ಟ್ ಹಾಕಿಕೊಳ್ಳಬಹುದೇ ಎಂಬ ಮೂರು ಪ್ರಶ್ನೆಗಳ ಮೇಲೆಯೇ ಬಹುತೇಕ ಕಂಪನಿಗಳ ನಿಯಮ ನಿಂತಿದೆ. ಆರು ಅಡಿ ಎತ್ತರದ, 120 ಕೆ.ಜಿ. ತೂಕದ ಪೈಲ್ವಾನರೊಬ್ಬರು ಯಾವ ತೊಂದರೆಯೂ ಇಲ್ಲದೆ ಕುಳಿತು ಹೋಗಬಹುದು. ಸೊಂಟದ ಕೆಳಗೆ ಮೈ ತುಂಬಿಕೊಂಡಿರುವ, 95 ಕೆ.ಜಿ.ಯ ಗಿಡ್ಡ ಮೈಕಟ್ಟಿನ ಹೆಂಗಸಿಗೆ ಅದೇ ಆಸನ ಹಿಂಸೆಯಾಗಬಹುದು.

ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ ಮೂರು ಜನರ ಸೀಟು ಎಂದರೆ ನಡುವೆ ಗೋಡೆಯಿಲ್ಲದ ಒಂದೇ ಬೆಂಚು. ಒಬ್ಬರು ದಪ್ಪಗಿದ್ದರೆ ಇನ್ನಿಬ್ಬರು ಕೊಂಚ ಸರಿದು ಕೂರುತ್ತಾರೆ, ಕಂಡಕ್ಟರ್ ಮೂರೇ ಟಿಕೆಟ್ ಹರಿಯುತ್ತಾರೆ. ವಿಮಾನದಲ್ಲಿ ಆರ್ಮ್‌ರೆಸ್ಟ್ ಎಂಬ ಆ ಎರಡು ಇಂಚಿನ ಪಟ್ಟಿಯೇ ಗಡಿಕಲ್ಲು. ಮಾರಾಟವಾಗುವುದು ಆ ಎರಡು ಗಡಿಕಲ್ಲುಗಳ ನಡುವಿನ ಜಾಗ.

ಹಾಗಾದರೆ ಮನೆಯಲ್ಲಿಯೇ ಅಳತೆ ನೋಡಿಕೊಳ್ಳುವುದು ಹೇಗೆ?

ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ತೆಗೆದು ಹೇಳಿದರೆ ಪ್ರಯೋಜನವಿಲ್ಲ. ಗೋಡೆಗೆ ತಾಗಿಸಿದ ಬೆಂಚು ಅಥವಾ ದಿವಾನದ ಮೇಲೆ, ಒಂದು ಮಗ್ಗುಲು ಗೋಡೆಗೆ ತಾಗುವಂತೆ ನೆಟ್ಟಗೆ ಕುಳಿತುಕೊಳ್ಳಿ. ಮನೆಯವರೊಬ್ಬರು ಇನ್ನೊಂದು ಮಗ್ಗುಲಿಗೆ ಒಂದು ಮಣೆಯನ್ನು ನೆಟ್ಟಗೆ ನಿಲ್ಲಿಸಿ, ತೊಡೆಗೆ ಒತ್ತದೆ ಸುಮ್ಮನೆ ತಾಗಿಸಿ ಹಿಡಿಯಲಿ. ಗೋಡೆಯಿಂದ ಮಣೆಯವರೆಗಿನ ದೂರವೇ ನಿಮಗೆ ಬೇಕಾದ ಅಗಲ. ಅದು 17 ಇಂಚಿನ ಒಳಗಿದ್ದರೆ ಚಿಂತೆಯಿಲ್ಲ. 17ರಿಂದ 19 ಇಂಚಿನವರೆಗೆ ಇದ್ದರೆ ಸ್ವಲ್ಪ ಒತ್ತಿಕೊಂಡು ಕೂರಬಹುದು, ಏಕೆಂದರೆ ಮೈ ಮರದ ತುಂಡಲ್ಲ. ಅದಕ್ಕೂ ಹೆಚ್ಚಿದ್ದರೆ ಟಿಕೆಟ್ ತೆಗೆಯುವ ಮೊದಲೇ ನಮ್ಮೊಂದಿಗೆ ಮಾತನಾಡುವುದು ಮೇಲು. ಭುಜದ ಅಗಲವನ್ನೂ ಇದೇ ರೀತಿ ನೋಡಿಕೊಳ್ಳಬೇಕು; ನಿಯಮದ ಪುಸ್ತಕದಲ್ಲಿ ಅದರ ಮಾತು ಅಪರೂಪ, ಆದರೆ ಪಕ್ಕದವರಿಗೆ ಮೊದಲು ತಾಗುವುದು ಭುಜವೇ.

ಎಲ್ಲ ವಿಮಾನಗಳ ಸೀಟೂ ಒಂದೇ ಅಳತೆಯೇ?

ಅಲ್ಲ. ಇಂಡಿಗೋ ಮತ್ತು ಏರ್ ಇಂಡಿಯಾ ಒಳನಾಡಿನಲ್ಲಿ ಹೆಚ್ಚಾಗಿ ಬಳಸುವ ಏರ್‌ಬಸ್ ಎ320 ಸಾಲಿನ ವಿಮಾನಗಳಲ್ಲಿ ಆಸನದ ಅಗಲ ಸುಮಾರು 18 ಇಂಚು. ಆಕಾಸ ಏರ್ ಬಳಸುವ ಬೋಯಿಂಗ್ 737ರಲ್ಲಿ ಸುಮಾರು 17 ಇಂಚು. ಎರಡರಲ್ಲಿಯೂ ಸಾಲಿಗೆ ಆರು ಆಸನಗಳೇ ಇದ್ದರೂ ಏರ್‌ಬಸ್ಸಿನ ಒಡಲು ಸ್ವಲ್ಪ ಅಗಲವಾಗಿರುವುದೇ ಈ ಒಂದು ಇಂಚಿಗೆ ಕಾರಣ. ಸಣ್ಣ ಊರುಗಳಿಗೆ ಹೋಗುವ ಎಟಿಆರ್ 72 ವಿಮಾನದಲ್ಲಿ ಒಂದು ಬದಿಗೆ ಎರಡೇ ಆಸನಗಳಿರುತ್ತವೆ, ಅಗಲ ಮಾತ್ರ ಬೋಯಿಂಗ್ 737ರ ಆಸುಪಾಸಿನದೇ.

ವಿದೇಶಕ್ಕೆ ಹೋಗುವ ದೊಡ್ಡ ವಿಮಾನದಲ್ಲಿ ಸೀಟೂ ದೊಡ್ಡದಿರುತ್ತದೆ ಎಂದು ಹಲವರು ಭಾವಿಸುತ್ತಾರೆ. ಬೋಯಿಂಗ್ 777ರಲ್ಲಿ ಸಾಲಿಗೆ ಹತ್ತು ಆಸನ ಜೋಡಿಸಿರುವ ಕಂಪನಿಗಳಲ್ಲಿ ಅದು 17 ಇಂಚಿನ ಸುತ್ತಮುತ್ತಲೇ ಇರುತ್ತದೆ. ಸಾಲಿಗೆ ಒಂಬತ್ತು ಆಸನವಿರುವ 787ರ ಕತೆಯೂ ಅಷ್ಟೇ. ಎ350ರಲ್ಲಿ ಒಂಬತ್ತು ಆಸನದ ಜೋಡಣೆಯಿದ್ದರೆ ಸುಮಾರು 18 ಇಂಚು ಸಿಗುತ್ತದೆ. ಅಂದರೆ ಹದಿನಾರು ಗಂಟೆಯ ಪ್ರಯಾಣಕ್ಕೆ ಸಿಗುವ ಆಸನ, ಒಂದು ಗಂಟೆಯ ಪ್ರಯಾಣದ ಆಸನಕ್ಕಿಂತ ಇಕ್ಕಟ್ಟಾಗಿರಬಹುದು. ಆದ್ದರಿಂದ ದರ ಹೋಲಿಸುವಾಗ ವಿಮಾನದ ಮಾದರಿಯನ್ನೂ ಕೇಳಿ. ಟಿಕೆಟ್ ವಿವರದಲ್ಲಿ ಅದು ನಮೂದಾಗಿರುತ್ತದೆ.

ಹೆಚ್ಚು ಹಣ ಕೊಟ್ಟು ಮೊದಲ ಸಾಲಿನ, ಕಾಲು ಚಾಚುವ ಸೀಟು ತೆಗೆದುಕೊಂಡರೆ ಸಾಲದೇ?

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಗ್ರಾಹಕರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಆ ಆಸನಗಳಲ್ಲಿ ಹೆಚ್ಚು ಸಿಗುವುದು ಕಾಲಿಡುವ ಜಾಗ, ಅಗಲವಲ್ಲ. ಅಷ್ಟೇ ಅಲ್ಲ, ಮೊದಲ ಸಾಲಿನಲ್ಲಿ ಎದುರಿಗೆ ಬೇರೆ ಆಸನ ಇಲ್ಲದ ಕಾರಣ ಊಟದ ತಟ್ಟೆ ಇಡುವ ಹಲಗೆಯನ್ನು ಆರ್ಮ್‌ರೆಸ್ಟ್‌ನ ಒಳಗೇ ಮಡಚಿ ಇಟ್ಟಿರುತ್ತಾರೆ. ಇದರಿಂದ ಆರ್ಮ್‌ರೆಸ್ಟ್ ದಪ್ಪವಾಗಿ ಆಸನ ಇನ್ನಷ್ಟು ಕಿರಿದಾಗುತ್ತದೆ, ಜೊತೆಗೆ ಅದನ್ನು ಮೇಲಕ್ಕೆತ್ತಲೂ ಬರುವುದಿಲ್ಲ. ತುರ್ತು ನಿರ್ಗಮನದ ಸಾಲಿಗೆ ಹಣ ಕೊಟ್ಟಿದ್ದರೂ, ಬೆಲ್ಟಿಗೆ ಎಕ್ಸ್‌ಟೆಂಡರ್ ಬೇಕಾದವರನ್ನು ಅಲ್ಲಿ ಕೂರಿಸುವುದಿಲ್ಲ; ತುಂಡು ಪಟ್ಟಿ ಕಾಲಿಗೆ ತೊಡರಿ ಬಾಗಿಲಿನ ದಾರಿ ಕಟ್ಟೀತು ಎಂಬುದು ಅದಕ್ಕೆ ಕಾರಣ.

ಎತ್ತಬಹುದಾದ ಆರ್ಮ್‌ರೆಸ್ಟ್ ಇರುವ ಸಾಮಾನ್ಯ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕದ ಆಸನ ಅನೇಕರಿಗೆ ಅನುಕೂಲ. ದಾರಿಯ ಬದಿಯ ಆರ್ಮ್‌ರೆಸ್ಟ್ ಗಟ್ಟಿಯಾಗಿ ಕುಳಿತಂತೆ ಕಂಡರೂ ಬಹಳಷ್ಟು ವಿಮಾನಗಳಲ್ಲಿ ಅದರ ಅಡಿಯಲ್ಲಿ, ಹಿಂಬದಿಯ ಕೀಲಿನ ಹತ್ತಿರ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಆರ್ಮ್‌ರೆಸ್ಟ್ ಮೇಲೇಳುತ್ತದೆ, ಕೂರುವುದು ಏಳುವುದು ಸುಲಭವಾಗುತ್ತದೆ. ಗೊತ್ತಾಗದಿದ್ದರೆ ಸಿಬ್ಬಂದಿಯನ್ನು ಕೇಳಿ. ಹೊರಡುವಾಗ ಮತ್ತು ಇಳಿಯುವಾಗ ಮಾತ್ರ ಅದನ್ನು ಇಳಿಸಲೇಬೇಕು.

ಸೀಟ್ ಬೆಲ್ಟ್ ಸಾಲದಿದ್ದರೆ ಹಣ ಕೊಡಬೇಕೇ?

ಇಲ್ಲ. ಎಕ್ಸ್‌ಟೆಂಡರ್ ಎಂಬುದು ಸುಮಾರು ಎರಡು ಅಡಿ ಉದ್ದದ, ಎರಡು ತುದಿಗೂ ಕೊಂಡಿಯಿರುವ ಪಟ್ಟಿ. ವಿಮಾನದಲ್ಲಿಯೇ ಇರುತ್ತದೆ, ಉಚಿತವಾಗಿ ಕೊಡುತ್ತಾರೆ. ಒಳಗೆ ಕಾಲಿಡುವಾಗಲೇ ಬಾಗಿಲಲ್ಲಿ ನಿಂತ ಗಗನಸಖಿಗೆ ಮೆಲ್ಲಗೆ ಹೇಳಿದರೆ ಅವರು ಮಡಚಿ ತಂದು ಕೈಗಿಡುತ್ತಾರೆ. ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೊಂಡ ಎಕ್ಸ್‌ಟೆಂಡರನ್ನು ಒಯ್ಯಬೇಡಿ. ಕೊಂಡಿಯ ಅಳತೆ ವಿಮಾನದಿಂದ ವಿಮಾನಕ್ಕೆ ಬೇರೆಯಾಗಿರಬಹುದು, ಜೊತೆಗೆ ತಪಾಸಣೆಯಾಗದ ಪಟ್ಟಿಗೆ ಅನೇಕ ಕಂಪನಿಗಳು ಅನುಮತಿ ಕೊಡುವುದಿಲ್ಲ.

ನಮ್ಮ ದೇಶದಲ್ಲಿ ಎರಡನೆಯ ಸೀಟು ಕೊಳ್ಳುವುದು ಹೇಗೆ, ಎಷ್ಟು ಖರ್ಚಾಗುತ್ತದೆ?

ಹೆಚ್ಚುವರಿ ಆಸನವನ್ನು ಪ್ರಯಾಣಿಕರ ಹೆಸರಿನಲ್ಲಿಯೇ, ಎರಡನೆಯ ಟಿಕೆಟ್ಟಿನಂತೆ ಕಾಯ್ದಿರಿಸಲಾಗುತ್ತದೆ. ವಿಮಾನ ಕಂಪನಿಗಳ ಗಣಕಭಾಷೆಯಲ್ಲಿ ಇದಕ್ಕೆ ‘ಇ-ಎಕ್ಸ್-ಎಸ್-ಟಿ’ ಎಂಬ ನಾಲ್ಕಕ್ಷರದ ಸಂಕೇತವಿದೆ. ಮೊಬೈಲ್ ಆ್ಯಪ್‌ನಲ್ಲಿ ಒಂದೇ ಹೆಸರನ್ನು ಎರಡು ಸಲ ತುಂಬಿಸಿ ಬುಕ್ ಮಾಡಲು ಹೋದವರ ಎರಡನೆಯ ಟಿಕೆಟ್ಟನ್ನು ಗಣಕವು ತಪ್ಪಾಗಿ ಬಂದದ್ದೆಂದು ತಿಳಿದು ರದ್ದು ಮಾಡುವ ಅಪಾಯವಿದೆ. ಆದಕಾರಣ ಕಂಪನಿಯ ಕಾಲ್ ಸೆಂಟರ್ ಅಥವಾ ಏಜೆಂಟರ ಮೂಲಕವೇ ಮಾಡಿಸಬೇಕು, ಸಂಕೇತ ನಮೂದಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಖರ್ಚು ಸಾಮಾನ್ಯವಾಗಿ ಅಂದಿನ ಆಸನದ ದರಕ್ಕೆ ಸಮೀಪದಲ್ಲಿರುತ್ತದೆ. ಆದರೆ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕದಂತಹ ಮೊತ್ತಗಳನ್ನು ಹಾಕುವುದು ನಿಲ್ದಾಣ ಬಳಸುವ ಮನುಷ್ಯರ ಲೆಕ್ಕದಲ್ಲಿ. ಖಾಲಿ ಕುರ್ಚಿ ದೇವನಹಳ್ಳಿಯ ನಿಲ್ದಾಣದೊಳಗೆ ನಡೆದುಕೊಂಡು ಹೋಗುವುದಿಲ್ಲ. ಆದ್ದರಿಂದ ಎರಡನೆಯ ಆಸನದ ಬಿಲ್ಲಿನ ವಿಭಜನೆಯನ್ನು ಕೇಳಿ ನೋಡಿ. ಎರಡು ಆಸನ ಕೊಂಡ ಮಾತ್ರಕ್ಕೆ 15 ಕೆ.ಜಿ.ಯ ಲಗೇಜು 30 ಕೆ.ಜಿ. ಆಗುತ್ತದೆಂದೂ ಎಣಿಸಬೇಡಿ, ಅದು ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಕೊರೊನಾ ಕಾಲದಲ್ಲಿ, 2020ರ ಜುಲೈನಲ್ಲಿ, ಇಂಡಿಗೋ ಒಬ್ಬರಿಗೇ ಎರಡು ಆಸನ ಕೊಡುವ ಯೋಜನೆ ತಂದಾಗ ಎರಡನೆಯದಕ್ಕೆ ಮೂಲ ಬುಕಿಂಗ್ ಮೊತ್ತದ ಶೇ. 25ರವರೆಗೆ ಮಾತ್ರ ಪಡೆಯುವುದಾಗಿ ಹೇಳಿತ್ತು. ಅದು ಅಂತರ ಕಾಯ್ದುಕೊಳ್ಳುವವರಿಗಾಗಿ ಮಾಡಿದ್ದು, ದಪ್ಪಗಿರುವವರಿಗಾಗಿ ಅಲ್ಲ. ಆದರೂ, ಖಾಲಿ ಹಾರುವ ಕುರ್ಚಿಯನ್ನು ಕಾಲು ಬೆಲೆಗೆ ಕೊಡುವುದು ಅಸಾಧ್ಯವಲ್ಲ ಎಂಬುದನ್ನು ಅದು ತೋರಿಸಿತು.

ಹಣ ಕೊಟ್ಟ ಮೇಲೂ ಎಚ್ಚರ ಬೇಕು. ನಮ್ಮ ಅತ್ತಿಗೆಯವರಿಗೆ ದೆಹಲಿಗೆ ಎರಡು ಆಸನಗಳನ್ನು ನಾವೇ ಕಾಯ್ದಿರಿಸಿ, ಪಕ್ಕಪಕ್ಕದ್ದೇ ಬೇಕೆಂದು ಬರೆಸಿ, ಕಳುಹಿಸಿಕೊಟ್ಟಿದ್ದೆವು. ಕೌಂಟರಿನಲ್ಲಿ ಅವರ ಕೈಗೆ ಬಂದ ಎರಡು ಬೋರ್ಡಿಂಗ್ ಪಾಸ್‌ಗಳಲ್ಲಿ ಒಂದು ಒಂಬತ್ತನೆಯ ಸಾಲಿನದು, ಇನ್ನೊಂದು ಇಪ್ಪತ್ತನಾಲ್ಕನೆಯ ಸಾಲಿನದು. ಅತ್ತಿಗೆ ಅಲ್ಲಿಂದಲೇ ಫೋನ್ ಮಾಡಿ, ‘ಊಟಕ್ಕೊಂದು ಕಡೆ, ಕೈ ತೊಳೆಯೋಕೊಂದು ಕಡೆ ಕೂತ್ಕೋಬೇಕಾ?’ ಎಂದು ಕೇಳಿದರು. ಇಪ್ಪತ್ತು ನಿಮಿಷ ವಾದಿಸಿದ ಮೇಲೆ ಅದು ಸರಿಹೋಯಿತು. ಅಂದಿನಿಂದ ನಾವು ಹೇಳುವ ಕ್ರಮ ಹೀಗೆ: ವೆಬ್ ಚೆಕ್-ಇನ್ ತೆರೆದ ಕೂಡಲೇ ಎರಡೂ ಆಸನದ ಸಂಖ್ಯೆ ನೋಡಿ, ಎರಡೂ ಬೋರ್ಡಿಂಗ್ ಪಾಸ್‌ಗಳನ್ನು ಕಾಗದದ ಮೇಲೆಯೇ ಪಡೆಯಿರಿ, ಗೇಟಿನಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿಸಿ. ಒಂದನ್ನು ಮಾತ್ರ ಸ್ಕ್ಯಾನ್ ಮಾಡಿದರೆ ಎರಡನೆಯ ‘ಪ್ರಯಾಣಿಕ’ ಬರಲಿಲ್ಲವೆಂದು ದಾಖಲಾಗಿ, ಕಾಯುತ್ತಿರುವ ಬೇರೊಬ್ಬರಿಗೆ ಆ ಆಸನ ಹೋಗಬಹುದು.

ಲಗೇಜು ಒಂದು ಕೆ.ಜಿ. ಹೆಚ್ಚಾದರೂ ಹಣ ಕೀಳುತ್ತಾರೆ. ಮನುಷ್ಯರ ತೂಕವನ್ನು ಮಾತ್ರ ಯಾಕೆ ಕೇಳುವುದಿಲ್ಲ?

ಸಣ್ಣ ಮೈಕಟ್ಟಿನವರು ತಮಾಷೆಗೆಂದು ಕೇಳುವ ಪ್ರಶ್ನೆ ಇದು. ಕೋಲಾರದ ಟೊಮೆಟೊ ಮಂಡಿಯ ವ್ಯಾಪಾರಿಯೊಬ್ಬರು, ‘ನಮ್ಮ ಬಾಕ್ಸೂ 15 ಕೆ.ಜಿ., ನಿಮ್ಮ ಲಗೇಜೂ 15 ಕೆ.ಜಿ., ಹಾಗಾದರೆ ನಾನು ಎಷ್ಟು ಬಾಕ್ಸು?’ ಎಂದು ಕೇಳಿ ನಗಿಸಿದ್ದುಂಟು. ಪ್ರಶ್ನೆಗೆ ಉತ್ತರ ಗಂಭೀರವಾದದ್ದೇ.

ವಿಮಾನ ಹೊತ್ತೊಯ್ಯುವ ಹೆಚ್ಚುವರಿ ಭಾರಕ್ಕೆ ಇಂಧನ ಖರ್ಚಾಗುವುದು ನಿಜ. ಸ್ಥೂಲ ಲೆಕ್ಕದಲ್ಲಿ, ಹೆಚ್ಚಾದ ತೂಕದ ಸುಮಾರು ಶೇ. 3ರಷ್ಟು ಇಂಧನ ಗಂಟೆಗೆ ಉರಿಯುತ್ತದೆ. ಸರಾಸರಿಗಿಂತ 30 ಕೆ.ಜಿ. ಹೆಚ್ಚಿರುವವರು ಬೆಂಗಳೂರಿನಿಂದ ಎರಡೂವರೆ ಗಂಟೆ ಹಾರಿ ದೆಹಲಿಗೆ ಹೋದರೆ ಅವರಿಂದಾಗಿ ಹೆಚ್ಚು ಖರ್ಚಾಗುವ ಇಂಧನ ಮೂರು ಲೀಟರಿನೊಳಗೆ. ಎರಡನೆಯ ಆಸನಕ್ಕೆ ಕೇಳುವ ಸಾವಿರಾರು ರೂಪಾಯಿಗೂ ಈ ಮೂರು ಲೀಟರಿಗೂ ಸಂಬಂಧವೇ ಇಲ್ಲ. ಕಂಪನಿ ಕೇಳುತ್ತಿರುವುದು, ಇನ್ನೊಬ್ಬರಿಗೆ ಮಾರಬಹುದಾಗಿದ್ದ ಕುರ್ಚಿಯ ಬೆಲೆ. ಈ ವ್ಯತ್ಯಾಸವನ್ನು ತಿಳಿದುಕೊಂಡರೆ, ‘ನೀವು ಭಾರ, ಅದಕ್ಕೇ ಹೆಚ್ಚು ಹಣ’ ಎಂಬ ಕೊಂಕು ಮಾತಿಗೆ ತಲೆತಗ್ಗಿಸಬೇಕಾದ ಅಗತ್ಯ ಉಳಿಯುವುದಿಲ್ಲ.

ಸುರಕ್ಷತೆಗೆ ಸಂಬಂಧಿಸಿದಂತೆ ಒಟ್ಟು ತೂಕ ಬಹಳ ಮುಖ್ಯ, ಆದರೆ ಅದನ್ನು ಸರಾಸರಿಯ ಮೇಲೆ ಲೆಕ್ಕ ಹಾಕುತ್ತಾರೆ. ನೂರೆಂಬತ್ತು ಜನರಿರುವಲ್ಲಿ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಗೆ ಸರಿಹೋಗುತ್ತದೆ. ವಿಮಾನ ಸಣ್ಣದಾದಷ್ಟೂ ಈ ಸಮಾಧಾನ ಕಡಿಮೆಯಾಗುತ್ತದೆ. 2003ರ ಜನವರಿ 8ರಂದು ಅಮೆರಿಕಾದ ಶಾರ್ಲೆಟ್ ನಗರದಲ್ಲಿ ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್ 1900 ವಿಮಾನ ಮೇಲೇರಿದ ಕ್ಷಣದಲ್ಲಿಯೇ ಬಿದ್ದು, ಅದರಲ್ಲಿದ್ದ 21 ಜನರೂ ತೀರಿಕೊಂಡರು. ಬಾಲದ ನಿಯಂತ್ರಣದ ತಂತಿಯನ್ನು ದುರಸ್ತಿಯಲ್ಲಿ ತಪ್ಪಾಗಿ ಹೊಂದಿಸಿದ್ದು ಒಂದು ಕಾರಣವಾದರೆ, ಹಳೆಯ ಸರಾಸರಿಯ ಪ್ರಕಾರ ಸರಿ ಎನಿಸಿದ್ದ ಭಾರ ನಿಜವಾಗಿ ಮಿತಿ ಮೀರಿ ಹಿಂಭಾಗಕ್ಕೆ ವಾಲಿದ್ದು ಇನ್ನೊಂದು. ಅದಾದ ಮೇಲೆ ಅಲ್ಲಿನ ವಿಮಾನಯಾನ ಆಡಳಿತವು ಪ್ರಯಾಣಿಕರ ಸರಾಸರಿ ತೂಕದ ಅಂಕಿಯನ್ನು ಏರಿಸಿತು.

ಹಾಗಾದರೆ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಕ್ಕಡಿಯ ಮೇಲೆ ನಿಲ್ಲಿಸುವ ಸಾಧ್ಯತೆ ಇದೆಯೇ?

ಕೆಲವು ಕಂಪನಿಗಳು ಸಮೀಕ್ಷೆಗಾಗಿ ನಿಲ್ಲಿಸುತ್ತವೆ, ದರಕ್ಕಾಗಿ ಅಲ್ಲ. ಏರ್ ನ್ಯೂಜಿಲೆಂಡ್ 2023ರಲ್ಲಿ ಆಕ್ಲೆಂಡ್‌ನಿಂದ ವಿದೇಶಕ್ಕೆ ಹೊರಟ ಹತ್ತು ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ತೂಕ ದಾಖಲಿಸುವ ಸಮೀಕ್ಷೆ ನಡೆಸಿತು. ಅಂಕಿ ಅಲ್ಲಿದ್ದ ಸಿಬ್ಬಂದಿಗೂ ಕಾಣದಂತೆ ನೇರವಾಗಿ ಗಣಕಕ್ಕೆ ಹೋಗುತ್ತಿತ್ತು. ಫಿನ್‌ಲೆಂಡಿನ ಫಿನ್‌ಏರ್ 2024ರಲ್ಲಿ ಹೆಲ್ಸಿಂಕಿಯಲ್ಲಿ ಇದನ್ನೇ ಮಾಡಿತು, ಒಪ್ಪಿದವರನ್ನು ಮಾತ್ರ ತೂಗಿತು.

ಮೈತೂಕದ ಮೇಲೆಯೇ ದರ ಹಾಕಿದ ಉದಾಹರಣೆಯೂ ಇದೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಸಮೋವಾ ಏರ್ ಕಂಪನಿಯು ಪ್ರಯಾಣಿಕರನ್ನೂ ಅವರ ಲಗೇಜನ್ನೂ ಒಟ್ಟಿಗೆ ತೂಗಿ ಕೆ.ಜಿ. ಲೆಕ್ಕದಲ್ಲಿ ಹಣ ಪಡೆಯುವ ಪದ್ಧತಿ ತಂದದ್ದು 2013ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಹತ್ತು ಜನ ಹಿಡಿಸದ ಪುಟ್ಟ ವಿಮಾನಗಳಲ್ಲಿ ಅದಕ್ಕೊಂದು ಅರ್ಥವಿತ್ತು. ನಮ್ಮವರು ಇದನ್ನು ಕಾಣುವುದು ಕೇದಾರನಾಥದ ಹೆಲಿಕಾಪ್ಟರಿನಲ್ಲಿ: ಅಲ್ಲಿ ಪ್ರತಿಯೊಬ್ಬರನ್ನೂ ತೂಗುತ್ತಾರೆ, 80 ಕೆ.ಜಿ. ದಾಟಿದರೆ ಹೆಚ್ಚಿನ ಪ್ರತಿ ಕೆ.ಜಿ.ಗೂ ಹಣ ಕೇಳುತ್ತಾರೆ. ಯಾತ್ರೆಗೆ ಬುಕ್ ಮಾಡಿಸುವಾಗ ಸಂಕೋಚದಿಂದ ಹತ್ತು ಕೆ.ಜಿ. ಕಡಿಮೆ ಹೇಳಬೇಡಿ; ಹೆಲಿಪ್ಯಾಡಿನ ತಕ್ಕಡಿಗೆ ಸಂಕೋಚವಿಲ್ಲ.

ಮಗಳ ಬಾಣಂತನಕ್ಕೆ ಅಮೆರಿಕಾಕ್ಕೆ ಹೋಗುತ್ತಿದ್ದೇನೆ. ಅಲ್ಲಿಯ ಒಳನಾಡಿನ ವಿಮಾನಗಳಲ್ಲಿ ಏನು ನಿಯಮ?

ಅಲ್ಲಿ ಕಂಪನಿಗಳ ನಿಯಮ ಲಿಖಿತವಾಗಿಯೂ ಕಟ್ಟುನಿಟ್ಟಾಗಿಯೂ ಇವೆ. ಒಂದು ಟಿಕೆಟ್ಟಿಗೆ ಒಂದಕ್ಕಿಂತ ಹೆಚ್ಚು ಆಸನ ಕೊಡಬೇಕೆಂದು ಅಮೆರಿಕಾದ ಸಾರಿಗೆ ಇಲಾಖೆಯ ನಿಯಮ ಕಂಪನಿಗಳನ್ನು ಒತ್ತಾಯಿಸುವುದಿಲ್ಲ. ಯುನೈಟೆಡ್ ಕಂಪನಿಯಲ್ಲಿ ಆರ್ಮ್‌ರೆಸ್ಟ್ ಇಳಿಸಲು ಆಗದವರು ಎರಡನೆಯ ಆಸನ ಕೊಳ್ಳಲೇಬೇಕು. ಅಲಾಸ್ಕಾ ಏರ್‌ಲೈನ್ಸ್‌ನಲ್ಲಿಯೂ ಕೊಳ್ಳಬೇಕು, ಆದರೆ ವಿಮಾನದಲ್ಲಿ ಆಸನ ಖಾಲಿ ಉಳಿದಿದ್ದರೆ ಎರಡನೆಯದರ ಹಣವನ್ನು ಆಮೇಲೆ ಅರ್ಜಿ ಹಾಕಿ ಹಿಂಪಡೆಯಬಹುದು.

ಈ ವಿಷಯದಲ್ಲಿ ಅತಿ ಉದಾರಿ ಎಂದು ಹೆಸರಾಗಿದ್ದದ್ದು ಸೌತ್‌ವೆಸ್ಟ್. ಅಲ್ಲಿ ಎರಡನೆಯ ಆಸನದ ಹಣ ಪ್ರಯಾಣದ ನಂತರ ವಾಪಸು ಬರುತ್ತಿತ್ತು. ಮೊದಲೇ ಕೊಳ್ಳದವರಿಗೂ ನಿಲ್ದಾಣದಲ್ಲಿ ಕೇಳಿದರೆ ಉಚಿತವಾಗಿ ಸಿಗುತ್ತಿತ್ತು. 2026ರ ಜನವರಿ 27ರಿಂದ, ಆ ಕಂಪನಿ ಸಂಖ್ಯೆ ಹಾಕಿದ ಆಸನಗಳ ಪದ್ಧತಿಗೆ ಬದಲಾದಾಗಲೇ, ಇದೂ ಬದಲಾಯಿತು. ಈಗ ಮೊದಲೇ ಕೊಳ್ಳಬೇಕು. ವಿಮಾನದಲ್ಲಿ ಕನಿಷ್ಠ ಒಂದು ಆಸನ ಖಾಲಿ ಹೋಗಿದ್ದರೆ, ಎರಡೂ ಟಿಕೆಟ್ ಒಂದೇ ದರ್ಜೆಯವಾಗಿದ್ದರೆ, 90 ದಿನಗಳ ಒಳಗೆ ಕೇಳಿದರೆ ಮಾತ್ರ ಹಣ ಹಿಂದಿರುಗುತ್ತದೆ. ಅಲ್ಲಿರುವ ಮಕ್ಕಳು ‘ಅಮ್ಮಾ, ಅದೆಲ್ಲ ಫ್ರೀ’ ಎಂದು ಹಳೆಯ ಅನುಭವದಿಂದ ಹೇಳುತ್ತಿರಬಹುದು. ಹೊಸ ನಿಯಮವನ್ನು ಅವರಿಗೇ ತೋರಿಸಿ.

ಬೇರೆ ಯಾವ ದೇಶದಲ್ಲಾದರೂ ಎರಡನೆಯ ಸೀಟು ಉಚಿತವೇ?

ಕೆನಡಾದಲ್ಲಿ, ಷರತ್ತಿನ ಮೇಲೆ. ಅಲ್ಲಿನ ಸಾರಿಗೆ ನ್ಯಾಯಮಂಡಳಿ 2008ರ ಜನವರಿಯಲ್ಲಿ ‘ಒಬ್ಬರಿಗೆ ಒಂದೇ ದರ’ ಎಂದು ತೀರ್ಪು ಕೊಟ್ಟಿತು. ಕಂಪನಿಗಳು ಮೇಲಿನ ನ್ಯಾಯಾಲಯಗಳಿಗೆ ಹೋದವು, ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, 2009ರ ಜನವರಿಯಿಂದ ಅದು ಜಾರಿಗೆ ಬಂದಿತು. ಅಂಗವೈಕಲ್ಯದ ಕಾರಣಕ್ಕೆ ಸಹಾಯಕರನ್ನು ಕರೆದೊಯ್ಯಬೇಕಾದವರಿಗೂ, ಸ್ಥೂಲಕಾಯವೇ ಅಂಗವೈಕಲ್ಯದ ಮಟ್ಟ ಮುಟ್ಟಿದವರಿಗೂ ಕೆನಡಾದೊಳಗಿನ ಪ್ರಯಾಣದಲ್ಲಿ ಎರಡನೆಯ ಆಸನಕ್ಕೆ ಹಣ ಕೇಳುವಂತಿಲ್ಲ. ಬರೀ ದಪ್ಪಗಿದ್ದರೆ ಸಾಲದು, ವೈದ್ಯರ ದಾಖಲೆ ಬೇಕು. ಬೆಂಗಳೂರಿನಿಂದ ಟೊರಾಂಟೊವರೆಗಿನ ವಿಮಾನಕ್ಕೆ ಇದು ಅನ್ವಯಿಸುವುದಿಲ್ಲ. ಏರ್ ಫ್ರಾನ್ಸ್ ಎರಡನೆಯ ಆಸನದ ಮೂಲ ದರದಲ್ಲಿ ಶೇ. 25ರಷ್ಟು ರಿಯಾಯಿತಿ ಕೊಡುತ್ತದೆ.

ಭಾರತದ ಕಾನೂನು ಏನು ಹೇಳುತ್ತದೆ?

ಸ್ಥೂಲಕಾಯದ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ಥೂಲಕಾಯ ಸೇರಿಲ್ಲ. ಆದರೆ ಮಂಡಿ ಸವೆದು ನಡೆಯಲಾಗದವರು, ಬೇರೆ ಅಂಗವೈಕಲ್ಯದ ಪ್ರಮಾಣಪತ್ರ ಇರುವವರು ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪ್ರತ್ಯೇಕ ನಿಯಮದಡಿ ಬರುತ್ತಾರೆ. ಅಂಥವರನ್ನು ಅಂಗವೈಕಲ್ಯದ ಕಾರಣಕ್ಕಾಗಿ ವಿಮಾನ ಹತ್ತಿಸದೆ ಇರುವಂತಿಲ್ಲ. ಈ ನಿಯಮಕ್ಕೆ ಬಲ ಬಂದದ್ದು ಜೀಜಾ ಘೋಷ್ ಅವರ ಪ್ರಕರಣದಿಂದ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಅಂಗಗಳ ಹಿಡಿತ ತಪ್ಪುವ ಸ್ಥಿತಿ) ಇದ್ದ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಲಾಗಿತ್ತು, 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಪೈಸ್‌ಜೆಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸ್ಥೂಲಕಾಯದ ಪ್ರಕರಣಕ್ಕೆ ಅದು ಅಕ್ಷರಶಃ ಅನ್ವಯಿಸದಿದ್ದರೂ, ಪ್ರಯಾಣಿಕರ ಮಾನವೂ ಸೇವೆಯ ಭಾಗವೆಂದು ನಮ್ಮ ನ್ಯಾಯಾಲಯ ಗುರುತಿಸಿದ ಸಂದರ್ಭ ಅದು.

ಗಾಲಿಕುರ್ಚಿ ಬೇಕಾದರೆ?

ಹೊರಡುವ 48 ಗಂಟೆ ಮೊದಲೇ ಕಂಪನಿಗೆ ತಿಳಿಸಿ, ತೂಕವನ್ನೂ ಇದ್ದಂತೆ ಹೇಳಿ. ಸಾಧಾರಣ ಗಾಲಿಕುರ್ಚಿ ಅಗಲ ಸಾಲದಿದ್ದರೆ ದೊಡ್ಡದನ್ನು ತರಿಸಲು ಅವರಿಗೆ ಸಮಯ ಬೇಕಾಗುತ್ತದೆ. ವಿಮಾನದೊಳಗಿನ ದಾರಿ ಬಹಳ ಕಿರಿದು. ಅಲ್ಲಿ ಬಳಸುವ ಕುರ್ಚಿ ಅದಕ್ಕಿಂತ ಕಿರಿದು. ನಾಲ್ಕು ಹೆಜ್ಜೆಯಾದರೂ ನಡೆಯಬಲ್ಲವರಿಗೆ ಮುಂದಿನ ಸಾಲುಗಳ ಆಸನವನ್ನೇ ಕೇಳಿಕೊಳ್ಳುವುದು ಒಳ್ಳೆಯದು, ಆದರೆ ತೀರಾ ಮೊದಲನೆಯದನ್ನಲ್ಲ.

ಎರಡು ಸೀಟಿನ ಬದಲು ಬಿಸಿನೆಸ್ ಕ್ಲಾಸ್ ತೆಗೆದುಕೊಳ್ಳಬಹುದೇ?

ಆಸನ ಅಗಲವಾಗಿರುವುದು ನಿಜ. ಆದರೆ ಅಲ್ಲಿಯ ಬದಿಗಳು ಗಟ್ಟಿಯಾಗಿ ಕೂಡಿಕೊಂಡಿರುತ್ತವೆ, ಎತ್ತಲು ಬರುವುದಿಲ್ಲ. ಕೆಲವು ವಿಮಾನಗಳ ಬಿಸಿನೆಸ್ ಕ್ಲಾಸ್ ಬೆಲ್ಟಿನೊಳಗೆ ಏರ್‌ಬ್ಯಾಗ್ ಇರುವುದರಿಂದ ಸಾಮಾನ್ಯ ಎಕ್ಸ್‌ಟೆಂಡರ್ ಹೊಂದುವುದಿಲ್ಲ. ಎರಡು ಇಕಾನಮಿ ಆಸನಗಳ ನಡುವಿನ ಆರ್ಮ್‌ರೆಸ್ಟ್ ಎತ್ತಿದರೆ ಸಿಗುವ ಮೂವತ್ತೈದು ಇಂಚಿಗೂ ಹೆಚ್ಚು ಜಾಗವನ್ನು ಒಳನಾಡಿನ ಯಾವ ಬಿಸಿನೆಸ್ ಕ್ಲಾಸೂ ಕೊಡುವುದಿಲ್ಲ.

ಸೀಟುಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿವೆ ಅನ್ನಿಸುತ್ತದೆ. ಅದು ನಮ್ಮ ಭ್ರಮೆಯೇ?

ಭ್ರಮೆಯಲ್ಲ. ಸಾಲುಗಳ ನಡುವಿನ ಅಂತರ ಹಿಂದೆ 34, 35 ಇಂಚು ಇದ್ದ ಕಡೆ ಈಗ 30 ಇಂಚು, ಕೆಲವು ಕಡೆ 28 ಇಂಚು. 2017ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಈ ಬಗ್ಗೆ ಮತ್ತೊಮ್ಮೆ ಪರಿಶೀಲಿಸಿ ಎಂದು ಅಲ್ಲಿನ ವಿಮಾನಯಾನ ಆಡಳಿತಕ್ಕೆ ಸೂಚಿಸಿತು, 2018ರಲ್ಲಿ ಅಮೆರಿಕಾದ ಸಂಸತ್ತು ಆಸನಕ್ಕೆ ಕನಿಷ್ಠ ಅಳತೆ ಗೊತ್ತುಪಡಿಸಬೇಕೆಂದು ಕಾನೂನನ್ನೇ ಮಾಡಿತು. ಅದರ ನಂತರ, 90 ಸೆಕೆಂಡಿನಲ್ಲಿ ವಿಮಾನ ತೆರವು ಮಾಡಲು ಈ ಇಕ್ಕಟ್ಟಿನಲ್ಲಿ ಸಾಧ್ಯವೇ ಎಂದು ಒಕ್ಲಹಾಮಾ ನಗರದಲ್ಲಿ ಪರೀಕ್ಷೆ ನಡೆಯಿತು. ಅದರಲ್ಲಿ ಭಾಗವಹಿಸಿದವರು ಎಲ್ಲರೂ ಗಟ್ಟಿಮುಟ್ಟಾದ, ಅರವತ್ತರೊಳಗಿನ ವಯಸ್ಕರು. ಮಕ್ಕಳಿಲ್ಲ, ಮುದುಕರಿಲ್ಲ. ನಿಜವಾದ ವಿಮಾನ ಹಾಗೆ ತುಂಬುವುದನ್ನು ನಾವಂತೂ ನೋಡಿಲ್ಲ.

ಪಕ್ಕದ ಸೀಟಿನಲ್ಲಿ ದಪ್ಪಗಿರುವವರು ಕುಳಿತು ನಮ್ಮ ಜಾಗ ಹೋದರೆ ನಾವೇನು ಮಾಡಬೇಕು?

ನೀವೂ ಪೂರ್ತಿ ಹಣ ಕೊಟ್ಟವರೇ, ಆದ್ದರಿಂದ ಕೇಳುವುದು ತಪ್ಪಲ್ಲ. ಆದರೆ ಕೇಳಬೇಕಾದದ್ದು ಸಿಬ್ಬಂದಿಯನ್ನು, ಪಕ್ಕದವರನ್ನಲ್ಲ. ಎದ್ದು ಹಿಂಬದಿಗೆ ಹೋಗಿ, ಖಾಲಿ ಆಸನ ಇದ್ದರೆ ಬದಲಿಸಿಕೊಡಿ ಎಂದು ಮೆಲುದನಿಯಲ್ಲಿ ಹೇಳಿ. ಬದಲಿಸಿದರೆ ಇಬ್ಬರಿಗೂ ಜಾಗವಾಗುತ್ತದೆ. ಎಟಿಆರ್‌ನಂತಹ ಸಣ್ಣ ವಿಮಾನದಲ್ಲಿ ಮಾತ್ರ ತಾವಾಗಿಯೇ ಆಸನ ಬದಲಿಸಬೇಡಿ. ಅಲ್ಲಿ ಯಾರು ಎಲ್ಲಿ ಕುಳಿತಿದ್ದಾರೆ ಎಂಬುದು ಭಾರದ ಹಂಚಿಕೆಯ ಲೆಕ್ಕಕ್ಕೆ ಸೇರಿರುತ್ತದೆ.

ಒಂದೇ ಟಿಕೆಟ್ ಇದೆ, ಹತ್ತಿದ ಮೇಲೆ ಕೆಳಗಿಳಿಯಿರಿ ಎಂದರೆ?

ಇದು ಅಪರೂಪ, ಆದರೆ ನಡೆದದ್ದುಂಟು. 2010ರ ಫೆಬ್ರವರಿಯಲ್ಲಿ ಅಮೆರಿಕಾದ ಚಿತ್ರನಿರ್ದೇಶಕ ಕೆವಿನ್ ಸ್ಮಿತ್ ಅವರನ್ನು, ಅವರು ಕುಳಿತು ಬೆಲ್ಟ್ ಹಾಕಿಕೊಂಡ ಮೇಲೆ, ಸೌತ್‌ವೆಸ್ಟ್ ವಿಮಾನದಿಂದ ಇಳಿಸಲಾಯಿತು. ಆರ್ಮ್‌ರೆಸ್ಟ್ ಇಳಿಯುತ್ತಿತ್ತು ಎಂಬುದು ಅವರ ವಾದ. ಅವರು ಎಂದಿನಂತೆ ಎರಡು ಆಸನ ಕೊಂಡಿದ್ದರು, ಬೇಗ ಹೋಗುವ ಆಸೆಗೆ ಒಂದೇ ಆಸನ ಉಳಿದಿದ್ದ ಹಿಂದಿನ ವಿಮಾನಕ್ಕೆ ಬದಲಿಸಿಕೊಂಡಿದ್ದರು. ಕಂಪನಿ ಆಮೇಲೆ ಕ್ಷಮೆ ಕೇಳಿತು.

ನಿಮಗೆ ಹಾಗಾದರೆ ಮೊದಲು ಆರ್ಮ್‌ರೆಸ್ಟ್ ಇಳಿಸಿ, ಬೆಲ್ಟ್ ಹಾಕಿ ತೋರಿಸಿ. ಅದಾದ ಮೇಲೂ ಒಪ್ಪದಿದ್ದರೆ ವಿಮಾನದೊಳಗೆ ಜಗಳಕ್ಕೆ ನಿಲ್ಲಬೇಡಿ, ಏಕೆಂದರೆ ಆಗ ವಿಷಯ ಮೈಕಟ್ಟಿನಿಂದ ಅಶಿಸ್ತಿನ ವರ್ತನೆಗೆ ತಿರುಗಿ, ದೂರು ಕೊಡಬೇಕಾದವರೇ ಆರೋಪಿಗಳಾಗುತ್ತಾರೆ. ಇಳಿದು, ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮುಂದಿನ ವಿಮಾನದಲ್ಲಿ ಎರಡು ಆಸನ ಕೊಡುವಂತೆ ಒತ್ತಾಯಿಸಿ. ಬೋರ್ಡಿಂಗ್ ಪಾಸ್ ಹರಿದು ಕೊಟ್ಟರೆ ಆ ತುಂಡನ್ನೂ ಇಟ್ಟುಕೊಳ್ಳಿ.

ದೂರು ಕೊಡಲು ಬೆಂಗಳೂರಿಗೆ ಓಡಾಡಬೇಕೇ?

ಬೇಕಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಕಳುಹಿಸಿ. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಹಣ ವಾಪಸು ಅಥವಾ ಪರಿಹಾರ ಬೇಕೆಂದರೆ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ ತುಮಕೂರಿನವರು ತುಮಕೂರಿನಲ್ಲಿಯೇ, ಕೋಲಾರದವರು ಕೋಲಾರದಲ್ಲಿಯೇ ಹಾಕಬಹುದು. ಕಂಪನಿಯ ಪ್ರಧಾನ ಕಚೇರಿ ಎಲ್ಲಿದೆ ಎಂಬುದು ಮುಖ್ಯವಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ. ಎರಡೂ ಬೋರ್ಡಿಂಗ್ ಪಾಸ್, ಎರಡನೆಯ ಆಸನದ ಬಿಲ್ಲು, ಕಂಪನಿಯೊಂದಿಗಿನ ಇಮೇಲುಗಳು, ಸಾಧ್ಯವಾದರೆ ಆಸನದ ಒಂದು ಫೋಟೊ, ಇಷ್ಟನ್ನು ಜೆರಾಕ್ಸ್ ಮಾಡಿಸಿ ಜೊತೆಗಿಡಿ.